ಹಳೆ ಮನೆ ನೋಡೋಕೆ ನೀರಿನ ದಾರಿ ಹಿಡೀರಿ: ಮುದ್ದೇನಹಳ್ಳಿ, ನಂದಿ ಒಂದೇ ದಿನದಲ್ಲಿ

ದೊಡ್ಡವರು ಹುಟ್ಟಿದ ಮನೆ, ದೊರೆಗಳ ಬಂಗಲೆ ಅಂತ ಕಾಪಾಡಿಟ್ಟ ಕಡೆ ಹೋದವರು ಹೆಚ್ಚಾಗಿ ನೋಡೋದು ಗಾಜಿನ ಪೆಟ್ಟಿಗೆಯೊಳಗಿನ ಸಾಮಾನು. ಪೇಟ, ಕನ್ನಡಕ, ಪದಕ, ನಾಲ್ಕು ಫೋಟೋ ಆದ ಮೇಲೆ ಹೊರಗೆ ಬಂದು ಎಳನೀರು. ಕಾಲು ಗಂಟೆಯಲ್ಲಿ ಮುಗೀತು. ಆ ಸಾಮಾನನ್ನೆಲ್ಲ ಹೊತ್ತು ನಿಂತಿರೋ ಮನೆಯನ್ನು ಯಾರೂ ನೋಡೋದಿಲ್ಲ. ನಾನು ನೋಡೋ ಕ್ರಮ ಒಂದೇ. ಮಳೆನೀರು ಆ ಮನೆಯ ಮೇಲೆ ಎಲ್ಲಿ ಬೀಳುತ್ತೆ, ಎಲ್ಲಿ ಇಳಿಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಸೂರಿನಿಂದ ಹಿತ್ತಲಿನವರೆಗೆ ಹಿಂಬಾಲಿಸೋದು. ಹಳೆ ಮನೆ ಉಳಿಯೋದೂ ಹಾಳಾಗೋದೂ ನೀರಿನಿಂದಲೇ. ಹಾಗಾಗಿ ನೀರಿನ ದಾರಿ ಸಿಕ್ಕರೆ ಮನೆಯ ಚರಿತ್ರೆಯ ಮುಕ್ಕಾಲು ಪಾಲು ಸಿಕ್ಕಿದ ಹಾಗೆ.

ಈ ಅಭ್ಯಾಸಕ್ಕೆ ಮುದ್ದೇನಹಳ್ಳಿಗಿಂತ ಒಳ್ಳೆ ಜಾಗ ನಮ್ಮ ಸೀಮೆಯಲ್ಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಅಲ್ಲಿದೆ, ಜೊತೆಗೆ ಸ್ಮಾರಕ, ವಸ್ತುಸಂಗ್ರಹಾಲಯ. ಜೀವಮಾನವಿಡೀ ನೀರಿನ ಲೆಕ್ಕ ಹಾಕಿದ ಮನುಷ್ಯನ ಮನೆಯಲ್ಲಿ ನೀರಿನ ದಾರಿ ಹುಡುಕೋದು ತಮಾಷೆಯಾಗಿಯೂ ಇರುತ್ತೆ.

ತುಮಕೂರಿನಿಂದ ಹೋಗೋರಿಗೆ ಬೆಂಗಳೂರು ಮುಟ್ಟೋ ಅಗತ್ಯವಿಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ಅಲ್ಲಿಂದ ನಂದಿ ಕಡೆ ರಸ್ತೆ. ನಂದಿ ಗ್ರಾಮ ದಾಟಿ ಚಿಕ್ಕಬಳ್ಳಾಪುರದ ಕಡೆ ಮುಂದುವರಿದರೆ ಮುದ್ದೇನಹಳ್ಳಿ. ಒಟ್ಟು ನೂರು ಕಿ.ಮೀ. ಆಸುಪಾಸು. ನಿಲ್ಲಿಸದೆ ಹೋದರೆ ಎರಡೂವರೆ ಗಂಟೆ ಹಿಡೀರಿ, ದಾಬಸ್‌ಪೇಟೆ ಆಚೆ ಲಾರಿ ಸಾಲು ಸಿಕ್ಕರೆ ಮೂರು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗಬಾರದು ಅನ್ನೋದು ನಿಜ. ಆದರೆ ಅದೇ ದಿನ ನಂದಿ ಬೆಟ್ಟದ ತಿರುವುಗಳನ್ನೂ ಹತ್ತೋದಿದ್ದರೆ ಮಕ್ಕಳಿಗೆ ಬೆಣ್ಣೆ ಸುರಿದ ಎರಡನೇ ಇಡ್ಲಿ ಕೊಡಬೇಡಿ. ಅದು ಎಲ್ಲಿ ಹೊರಗೆ ಬರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನವರಿಗೆ ಬಳ್ಳಾರಿ ರಸ್ತೆ ನೇರ, ಚಿಕ್ಕಬಳ್ಳಾಪುರಕ್ಕಿಂತ ಸ್ವಲ್ಪ ಮೊದಲೇ ತಿರುವು.

ಫೋನಿನ ನಕ್ಷೆ ಇಲ್ಲಿ ಆಗಾಗ ಎಡವುತ್ತೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿದ್ಯಾಸಂಸ್ಥೆಯೂ ಇದೇ ಊರಿನಲ್ಲಿರೋದರಿಂದ ಬರೀ ಹೆಸರು ಹಾಕಿದರೆ ಕಾಲೇಜಿನ ಗೇಟಿಗೆ ಕರೆದುಕೊಂಡು ಹೋಗಿ ನಿಲ್ಲಿಸಬಹುದು. ಸಮಾಧಿ ಇರೋ ತೋಟ ಬೇರೆ, ಮನೆ ಬೇರೆ. ಊರೊಳಗೆ ಬಂದ ಮೇಲೆ ‘ಸರ್ ಎಂ.ವಿ. ಹುಟ್ಟಿದ ಮನೆ ಯಾವ ಕಡೆ ಅಣ್ಣಾ’ ಅಂತ ಕೇಳೋದು ವಾಸಿ. ಬಾಗಿಲು ತೆಗೆಯೋ ಸಮಯ, ರಜಾ ದಿನ ಬದಲಾಗ್ತಾ ಇರುತ್ತೆ. ಹಿಂದಿನ ದಿನವೇ ಫೋನ್ ಮಾಡಿ ತಿಳಿದುಕೊಂಡು ಹೊರಡಿ.

ದಿನದ ಆಯ್ಕೆಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಸೆಪ್ಟೆಂಬರ್ 15 ಅವರ ಜನ್ಮದಿನ, ಎಂಜಿನಿಯರುಗಳ ದಿನ. ಅವತ್ತು ಹಾರ, ಭಾಷಣ, ಜನ ಎಲ್ಲ ಇರುತ್ತೆ, ಮನೆ ಮಾತ್ರ ಕಾಣೋದಿಲ್ಲ. ನನ್ನ ಲೆಕ್ಕದಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ, ಶನಿವಾರ ಭಾನುವಾರ ಬಿಟ್ಟು ಯಾವುದಾದರೂ ಒಂದು ದಿನ ಸರಿ. ಈ ಭಾಗಕ್ಕೆ ವರ್ಷಕ್ಕೆ ಬರೋದು 700 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬಿದ್ದಿರುತ್ತೆ. ಗೋಡೆಗಳು ಇನ್ನೂ ಪೂರ್ತಿ ಒಣಗಿರೋದಿಲ್ಲ, ಸೋರಿದ ಜಾಗ, ಒಸರಿದ ಜಾಗ ಎಲ್ಲ ಕಣ್ಣಿಗೆ ಬೀಳುತ್ತೆ. ಮಾರ್ಚಿನಲ್ಲಿ ಹೋದರೆ ಎಲ್ಲ ಮನೆಗಳೂ ಆರೋಗ್ಯವಾಗಿಯೇ ಕಾಣುತ್ತವೆ.

ಹೊತ್ತು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಎಲ್ಲರೂ ಸೂರ್ಯೋದಯಕ್ಕೆ ಬೆಟ್ಟ ಹತ್ತಿ ಆಮೇಲೆ ಕೆಳಗಿಳಿಯೋದರಿಂದ ಆ ಹೊತ್ತಿಗೆ ಬೆಟ್ಟದ ರಸ್ತೆ ಗಿಜಿಗುಡ್ತಿರುತ್ತೆ, ಹಳ್ಳಿ ಖಾಲಿ. ಓರೆ ಬಿಸಿಲಲ್ಲಿ ಗೋಡೆಯ ಉಬ್ಬುತಗ್ಗೂ ಚೆನ್ನಾಗಿ ಕಾಣುತ್ತೆ. ಜೊತೆಗೆ ಬೇಕಾದ್ದು ಸಣ್ಣ ಟಾರ್ಚು, ನೋಟ್‌ಬುಕ್ಕು, ಸುಲಭವಾಗಿ ಕಳಚೋ ಚಪ್ಪಲಿ. ಜನ ಈ ಮನೆಯನ್ನು ಗುಡಿಯ ಹಾಗೆ ಕಾಣ್ತಾರೆ, ಶೂ ಲೇಸು ಬಿಚ್ಚಿ ಕಟ್ಟೋದರಲ್ಲೇ ಹೊತ್ತು ಹೋಗಬಾರದು.

ಬಾಗಿಲ ಒಳಗೆ ಕಾಲಿಡೋ ಮೊದಲು ಹೊರಗಿನಿಂದ ಒಂದು ಸುತ್ತು. ಹಿತ್ತಲಿಗೆ ಹೋಗಬೇಕಾದರೆ ನೋಡಿಕೊಳ್ಳೋರನ್ನು ಕೇಳಿ: ‘ಯಜಮಾನ್ರೇ, ಹಿಂದುಗಡೆನೂ ಒಂದ್ಸಲ ನೋಡಬಹುದಾ?’ ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ. ಬೇಡ ಅಂದರೆ ಅಲ್ಲಿಗೇ ಬಿಡಿ.

ಮೊದಲು ಸೂರು. ಸೂರಿನ ನೀರು ಬೀಳೋ ಗೆರೆ ನೆಲದಲ್ಲಿ ಎಲ್ಲಿದೆ ನೋಡಿ. ಗೋಡೆಯಿಂದ ಕನಿಷ್ಠ ಎರಡು ಅಡಿ ಆಚೆ ಇದ್ದರೆ ಆ ಮನೆ ಕಟ್ಟಿದವನಿಗೆ ಕೆಲಸ ಗೊತ್ತಿತ್ತು. ಆ ಗೆರೆಯಲ್ಲಿ ಕಲ್ಲುಚಪ್ಪಡಿ ಹಾಸಿದ್ದರೆ ಇನ್ನೂ ಒಳ್ಳೇದು, ಇಲ್ಲದಿದ್ದರೆ ಬಿದ್ದ ಹನಿಗಳು ಮಣ್ಣು ಸಿಡಿಸಿ ಗೋಡೆಯ ಬುಡಕ್ಕೆ ಕೆಂಪು ಅಂಚು ಬಳಿದಿರುತ್ತವೆ. ಆಮೇಲೆ ಗೋಡೆಯ ಬುಡದಿಂದ ಮೂರಡಿ ಎತ್ತರದವರೆಗೆ ಕಣ್ಣಾಡಿಸಿ. ನೆಲದ ತೇವ ಗೋಡೆಯೊಳಗೆ ಬತ್ತಿಗೆ ಎಣ್ಣೆ ಏರೋ ಹಾಗೆ ಹೆಚ್ಚುಕಡಿಮೆ ಅಷ್ಟು ಎತ್ತರ ಏರಿ ನಿಲ್ಲುತ್ತೆ. ನೀರು ಆರಿ, ಜೊತೆಗೆ ಬಂದ ಸವಳು ಉಪ್ಪು ಅಲ್ಲೇ ಬಿಳಿ ಪುಡಿಯಾಗಿ ಉಳಿಯುತ್ತೆ. ಆ ಬಿಳಿ ಗೆರೆ ಮೂರಡಿಗಿಂತ ತುಂಬ ಮೇಲೆ ಕಂಡರೆ ಯಾರೋ ಕೆಳಭಾಗಕ್ಕೆ ಸಿಮೆಂಟು ಮೆತ್ತಿದ್ದಾರೆ ಅಂತ ಅನುಮಾನಿಸಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟು ಬಿಡೋದಿಲ್ಲ. ಹೊರಗೆ ಬರೋಕೆ ದಾರಿ ಸಿಗದ ತೇವ ಮೇಲಕ್ಕೆ ಹತ್ತುತ್ತೆ. ಹಳೆ ಮನೆ ಚೆನ್ನಾಗಿ ಕಾಣಲಿ ಅಂತ ಸಿಮೆಂಟು ಬಳಿದು ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆದ ಗೋಡೆಗಳು ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿ ಉದುರೋದನ್ನು ನಮ್ಮ ಸೀಮೆಯಲ್ಲಿ ನೋಡಿದ್ದೀನಿ. ಪಾಪ, ಒಳ್ಳೆ ಮನಸ್ಸಿನಿಂದಲೇ ಮಾಡಿರ್ತಾರೆ.

ಇನ್ನು ಮಾಡು, ಅಂದರೆ ಚಾವಣಿ. ನಮ್ಮ ಕಡೆ ಹಳೆ ಮನೆಗಳಿಗೆ ಮುಖ್ಯವಾಗಿ ಮೂರು ಬಗೆ. ಪಾವಗಡ, ಸಿರಾ, ಗೌರಿಬಿದನೂರು ಕಡೆ ಮಣ್ಣಿನ ಮಾಳಿಗೆ ಹೆಚ್ಚು: ತೊಲೆ ಅನ್ನೋ ದಪ್ಪ ಮರ, ಅದರ ಮೇಲೆ ಜಂತೆ ಅನ್ನೋ ಸಣ್ಣ ಅಡ್ಡಮರಗಳು, ಮೇಲೆ ಚಪ್ಪಡಿಯೋ ಕಟ್ಟಿಗೆಯೋ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆಗೆ ಬಾರದ ಚೌಳು ಮಾಳಿಗೆಗೆ ಯಾಕೆ ಅಂದರೆ, ಅದರ ಉಪ್ಪಿನ ಗುಣಕ್ಕೆ ಜೇಡಿ ನೆನೆದು ಹರಡಿ ಸಂದುಗಳನ್ನು ಮುಚ್ಚುತ್ತೆ, ನೀರು ಕೆಳಗಿಳಿಯೋದಿಲ್ಲ. ಮಳೆಗಾಲಕ್ಕೆ ಮೊದಲು ಹೊಸ ಪದರ ಹಾಕಬೇಕು. ಹಾಕೋದು ನಿಲ್ಲಿಸಿದ ದಿನದಿಂದ ಜಂತೆಗೆ ಗೆದ್ದಲು. ಎರಡನೇದು ಮದ್ರಾಸ್ ತಾರಸಿ. ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸ್ತಾರೆ, ಮೇಲೆ ಮೂರು ನಾಲ್ಕು ಅಂಗುಲ ಇಟ್ಟಿಗೆಚೂರು ಸುಣ್ಣದ ಗಾರೆ. ಅದನ್ನು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾ ಮರದ ಬಡಿಗೆಯಿಂದ ದಿನಗಟ್ಟಲೆ ಬಡೀಬೇಕು. ಒಳಗೆ ನಿಂತು ತಲೆಯೆತ್ತಿದಾಗ ಜಂತೆಗಳ ನಡುವೆ ಓರೆ ಇಟ್ಟಿಗೆ ಸಾಲು ಕಂಡರೆ ಇದೇ. ಇದರ ಶತ್ರು ಅರಳಿ ಗಿಡ. ನೀರು ಹೊರಗೆ ಚೆಲ್ಲೋ ದೋಣಿಯ ಬಾಯಲ್ಲಿ ಎಲೆ ಕಟ್ಟಿಕೊಂಡರೆ ಹಕ್ಕಿ ಹಾಕಿದ ಬೀಜ ಅಲ್ಲೇ ಮೊಳೆಯುತ್ತೆ. ಮೂರನೇದು ಹೆಂಚು.

ಹೆಂಚು ಕಾಲ ಹೇಳುತ್ತೆ, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಸಂಸ್ಥೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೂ ಹಿಂದಿನ ಮನೆ ಅಂತ ಹೇಳೋ ಕಡೆ ಮಂಗಳೂರು ಹೆಂಚು ಕಂಡರೆ, ಒಂದೋ ಮಾಡು ಬದಲಾಗಿದೆ, ಇಲ್ಲ ಮನೆ ಅಷ್ಟು ಹಳೇದಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ. 1860 ಅಂತಲೂ ಕೆಲವು ಕಡೆ ಇದೆ. ಯಾವುದಾದರೂ ಸರಿ, ಮುದ್ದೇನಹಳ್ಳಿಯಲ್ಲಿ ಈಗ ನಾವು ನೋಡೋದು ದುರಸ್ತಿಯಾಗಿ ನಿಂತಿರೋ ಮನೆ. ಇಲ್ಲಿ ಕಣ್ಣಿಗೆ ಬೀಳೋದೆಲ್ಲ ಅವರ ಬಾಲ್ಯದ್ದು ಅಂದುಕೊಂಡರೆ ಮೋಸ ಹೋಗ್ತೀರಿ. ಯಾವುದು ಹಳೇದು, ಯಾವುದು ಸೇರಿಸಿದ್ದು ಅಂತ ಬಿಡಿಸೋದೇ ಆಟ. ಸಿಮೆಂಟು, ಅದರ ಜೊತೆ ಬಂದ ಕೆಂಪು ಆಕ್ಸೈಡ್ ನೆಲ, ವಿದ್ಯುತ್ ತಂತಿ ಎಲ್ಲ ಇಪ್ಪತ್ತನೇ ಶತಮಾನದವು. ಬಾಗಿಲವಾಡ, ಹೊಸಿಲು, ಗೋಡೆಯ ದಪ್ಪ, ದೀಪದ ಗೂಡು, ಇವು ಸುಲಭಕ್ಕೆ ಬದಲಾಗೋದಿಲ್ಲ. ಹೊಸಿಲು ನಡುವೆ ಸವೆದಿದೆಯಾ ನೋಡಿ. ಒಂದೂವರೆ ಅಡಿ ದಪ್ಪದ ಗೋಡೆಯಾದರೆ ಮಣ್ಣು ಇಲ್ಲವೇ ಕಲ್ಲಿನದು, ಒಂಬತ್ತು ಅಂಗುಲದ್ದು ಆಮೇಲಿನ ಇಟ್ಟಿಗೆ. ಗೋಡೆಯನ್ನು ತಟ್ಟಿ ನೋಡೋಕೆ ಹೋಗಬೇಡಿ. ಒಪ್ಪಿಗೆ ಇದ್ದರೆ ಟಾರ್ಚನ್ನು ಗೋಡೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಸಾಕು, ತೇಪೆ ಹಾಕಿದ ಜಾಗ ತಾನಾಗೇ ನೆರಳು ಬಿಡುತ್ತೆ.

ಇಷ್ಟಾದ ಮೇಲೆ ವಸ್ತುಗಳ ಹತ್ತಿರ ಹೋಗಿ. ಪ್ರಶಸ್ತಿ, ಬಿರುದು, ದಿನಬಳಕೆ ಸಾಮಾನು, ಫೋಟೋ ಇವೆ. ಭಾರತರತ್ನ ಬಂದಿದ್ದು 1955ರಲ್ಲಿ. ಕೃಷ್ಣರಾಜಸಾಗರದ ಮಾದರಿ ಮುಂದೆ ಮಕ್ಕಳನ್ನು ನಿಲ್ಲಿಸಿ ಹೊರಗೆ ನೋಡಿದ ಸೂರಿನ ನೀರನ್ನೇ ನೆನಪಿಸ್ತೀನಿ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳ ಯುಕ್ತಿ ಇದು: ಅಣೆಕಟ್ಟಿನ ಗೋಡೆ ಎತ್ತರಿಸದೆಯೇ ಗೇಟು ಹಾಕಿ ಹೆಚ್ಚು ನೀರು ನಿಲ್ಲಿಸೋದು, ಮಟ್ಟ ಮೀರಿದರೆ ಗೇಟು ತಾನೇ ತೆರೆಯೋದು, ಇಳಿದರೆ ತಾನೇ ಮುಚ್ಚಿಕೊಳ್ಳೋದು. ಕಾವಲಿಗೆ ಮನುಷ್ಯ ಬೇಡ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತೆ, ಪದಕಗಳ ಪಟ್ಟಿ ಹತ್ತೋದಿಲ್ಲ. ಫೋಟೋ ತೆಗೆಯೋ ಮೊದಲು ಕೇಳಿ. ಗಾಜಿನ ಮುಂದೆ ಫ್ಲ್ಯಾಶ್ ಹಾಕಿದರೆ ನಿಮ್ಮ ಮುಖವೇ ಬರೋದು.

ಒಟ್ಟು ಒಂದೂವರೆ ಗಂಟೆ. ಅಲ್ಲಿಂದ ಬೆಟ್ಟಕ್ಕೆ.

ನಂದಿಯ ತುದಿ 1,478 ಮೀಟರ್, ಕೆಳಗಿನ ಬಯಲು ಒಂಬತ್ತು ನೂರಕ್ಕೆ ಸ್ವಲ್ಪ ಮೇಲೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಲೆಕ್ಕದಲ್ಲಿ ಮೇಲೆ ಮೂರು ನಾಲ್ಕು ಡಿಗ್ರಿ ತಂಪು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿದ್ದು ಆ ತಂಪಿಗಾಗಿಯೇ. ಗಾಂಧೀಜಿ 1927ರಲ್ಲೂ 1936ರಲ್ಲೂ ವಿಶ್ರಾಂತಿಗೆ ಬಂದದ್ದು ಇದೇ ಬೆಟ್ಟಕ್ಕೆ. ಕಬ್ಬನ್ ಬಂಗಲೆ ಈಗ ಅತಿಥಿಗೃಹ, ಉಳಿದುಕೊಂಡವರಿಗಷ್ಟೇ ಒಳಗೆ ಪ್ರವೇಶ ಅಂದುಕೊಂಡೇ ಹೋಗಿ. ಟಿಪ್ಪುವಿನ ಬೇಸಿಗೆ ಮನೆಯೂ ಸಾಮಾನ್ಯವಾಗಿ ಬೀಗ ಹಾಕಿರುತ್ತೆ, ಕಮಾನುಗಳನ್ನು ಹೊರಗಿನಿಂದಲೇ ನೋಡಬೇಕು. ಬೇಜಾರು ಮಾಡಿಕೊಳ್ಳಬೇಡಿ, ನೀರಿನ ದಾರಿ ನೋಡೋಕೆ ಬೀಗ ಅಡ್ಡಿಯಿಲ್ಲ.

ಕೆಳಗಿನ ಸೀಮೆಯ ತೊಟ್ಟಿ ಮನೆಗೂ ಮೇಲಿನ ಬಂಗಲೆಗೂ ಇರೋ ಅಂತರ ಇಲ್ಲಿ ನಿಂತಾಗ ಹೊಳೆಯುತ್ತೆ. ತೊಟ್ಟಿ ಮನೆ ನಾಲ್ಕೂ ಕಡೆಯ ಮಳೆನೀರನ್ನು ಒಳಗೆ ಕರೆದುಕೊಂಡು, ನಡುವಿನ ತೊಟ್ಟಿಗೆ ಬೀಳಿಸಿ, ಅಲ್ಲಿಂದ ಮೋರಿಯಲ್ಲಿ ಹೊರಗೆ ಕಳಿಸುತ್ತೆ. ಬಂಗಲೆ ನೀರನ್ನು ಆದಷ್ಟು ದೂರಕ್ಕೆ ಹೊರಗೇ ಚೆಲ್ಲುತ್ತೆ, ಅದಕ್ಕೇ ಸುತ್ತ ಅಷ್ಟು ಅಗಲದ ವರಾಂಡ. ತೊಟ್ಟಿಯ ಮೋರಿ ಕಟ್ಟಿಕೊಂಡರೆ ನಡುಮನೆಗೇ ನೀರು, ವರಾಂಡದ ಮಾಡು ಕುಸಿದರೆ ಹೊರಗೋಡೆಗೆ ನೀರು. ದುರಸ್ತಿ ಎಲ್ಲಿಂದ ಶುರುವಾಗಬೇಕು ಅನ್ನೋದೂ ಇದರಲ್ಲೇ ತೀರ್ಮಾನವಾಗುತ್ತೆ.

ಶನಿವಾರ, ಭಾನುವಾರ ವಾಹನಗಳಿಗೆ ನಿರ್ಬಂಧ ಇರಬಹುದು, ವಿಚಾರಿಸದೆ ಹತ್ತಬೇಡಿ. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಕೋತಿಗಳಿಗೆ ಹಿರಿಕಿರಿಯ ಅನ್ನೋ ಭೇದವಿಲ್ಲ. ಇಳಿಯುವಾಗ ಎರಡನೇ ಗೇರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅರ್ಧ ದಾರಿಗೇ ಸುಟ್ಟ ವಾಸನೆ ಬರುತ್ತೆ. ಬಂದರೆ ಅಗಲವಾದ ತಿರುವಿನಲ್ಲಿ ಕಾಲು ಗಂಟೆ ನಿಲ್ಲಿಸಿ, ಬಿಸಿ ಚಕ್ರಕ್ಕೆ ನೀರು ಸುರೀಬೇಡಿ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ಗುಡಿಯ ಕಲ್ಯಾಣಿ ಇದೆ. ಬೆಳಕಿದ್ದರೆ ಅಲ್ಲಿಗೆ ಅರ್ಧ ಗಂಟೆ ಉಳಿಸಿಕೊಳ್ಳಿ, ಮೆಟ್ಟಿಲ ಮೇಲೆ ಆ ವರ್ಷದ ನೀರಿನ ಗುರುತು ಎಷ್ಟನೇ ಮೆಟ್ಟಿಲಿಗೆ ನಿಂತಿದೆ ಅಂತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಐದೂವರೆಗೆ ಅಲ್ಲಿಂದ ಹೊರಟರೆ ದಾಬಸ್‌ಪೇಟೆಯ ಲಾರಿ ಸಾಲು ದಾಟಿ ಎಂಟರ ಹೊತ್ತಿಗೆ ತುಮಕೂರು.