ಅಪ್ಪನಿಗೆ ಏಳು ಕಲ್ಲು

ಅಪ್ಪ ತೀರಿಕೊಂಡ ಮೇಲೆ ಸುಮಾರು ಒಂದು ವರ್ಷ ನಾನು ಬ್ರಷ್ ಮುಟ್ಟಲಿಲ್ಲ. ಗೌಂಡಿ ಕೆಲಸದವನು ಅವನು. ಗಂಗಾವತಿಯ ನಮ್ಮ ಬಾಡಿಗೆ ಮನೆಯಲ್ಲಿ ಅವನ ಗುರುತು ಅಂತ ಉಳಿದದ್ದು ಒಂದು ಕರಣಿ, ಒಂದು ತೂಗುಗುಂಡು. ಅವನ ಚಿತ್ರ ಬರೆಯಲು ಕೂತರೆ ಮುಖ ಬರುತ್ತಿರಲಿಲ್ಲ, ಕೈಯಷ್ಟೇ ಬರುತ್ತಿತ್ತು.

ಆಗೊಂದು ದಿನ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಹತ್ತಿದೆ. ಸತ್ತವರಿಗಾಗಿ 2,000 ವರ್ಷಕ್ಕೂ ಹಿಂದೆ ನಿಲ್ಲಿಸಿದ ಕಲ್ಲುಮನೆಗಳು ಅಲ್ಲಿ 400ರಷ್ಟಿವೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ. ಗಾರೆಯಿಲ್ಲ, ಸಿಮೆಂಟಿಲ್ಲ. ಬಂಡೆಗಳು ಒಂದಕ್ಕೊಂದು ಆತು ನಿಂತಿವೆ, ಮೇಲೊಂದು ಚಪ್ಪಡಿ, ಕೆಲವಕ್ಕೆ ದುಂಡನೆಯ ಕಿಂಡಿ. ಅಪ್ಪ ಬಂದಿದ್ದರೆ ಮೊದಲು ತೂಗುಗುಂಡು ಬಿಟ್ಟು ನೋಡುತ್ತಿದ್ದ. ಅಲ್ಲಿಯ ಒಂದು ಚಕ್ಕೆಯನ್ನೂ ಅಲುಗಿಸಬಾರದು, ನಾನೂ ಅಲುಗಿಸಲಿಲ್ಲ. ಊರಿಗೆ ಬಂದು, ಕಲ್ಲು ಒಡೆದು ಬಿಟ್ಟ ಬಯಲಲ್ಲಿ ಬಿದ್ದಿದ್ದ ಏಳು ಕಲ್ಲು ಆರಿಸಿಕೊಂಡೆ.

ಅಂಟಿಲ್ಲದೆ ಒಂದರ ಮೇಲೊಂದು ನಿಲ್ಲಿಸಬೇಕು, ಒಂದೊಂದು ಕಲ್ಲು ಅಪ್ಪನ ಬದುಕಿನ ಒಂದೊಂದು ಘಟ್ಟ. ಲೆಕ್ಕ ಮೊದಲೇ ಹಾಕಿದ್ದೆ. ಅಡಿಗೆ ಹುಟ್ಟಿದೂರಿನ ದೊಡ್ಡ ಕಲ್ಲು, ಮೇಲೆ ಗುಳೆ ಹೋದ ವರ್ಷಗಳು, ಮದುವೆ, ಆಮೇಲೆ ನಾನು, ಹೀಗೆ ತುದಿಗೊಂದು ಬಿಳಿ ಕಲ್ಲು. ಕಾಗದದ ಮೇಲೆ ಚೆಂದವಾಗಿ ನಿಂತಿತ್ತು. ಬಯಲಲ್ಲಿ ಮೂರನೆಯದಕ್ಕೇ ಉರುಳಿತು. ನಾಲ್ಕು ದಿನ ಇದೇ ಆಟ. ಒಮ್ಮೆ ಎಂ-ಸೀಲ್ ಹಚ್ಚಿಯೂ ನೋಡಿದೆ. ನಿಂತಿತೇನೋ ನಿಂತಿತು, ಆದರೆ ಲಾಡ್ಜಿನ ಮುಂದಿನ ಕಾರಂಜಿಯಂತೆ ಕಂಡಿತು. ಒಡೆದು ತೆಗೆದೆ.

ಕಡೆಗೆ ಕೈಗೆ ಹತ್ತಿದ್ದು ಇಷ್ಟು: ಕಲ್ಲಿನ ಆಕಾರ ನೋಡುತ್ತ ಕೂರಬಾರದು, ಮೈ ತಡವಬೇಕು. ಕೆಳಗಿನ ಕಲ್ಲಿನ ಮೇಲೆ ಹೆಸರುಕಾಳಿನಷ್ಟು ಮೂರು ಉಬ್ಬು ಸಿಕ್ಕರೆ ಸಾಕು, ಮೇಲಿನದರ ಭಾರ ಆ ಮೂರರ ನಡುವೆ ಬೀಳಬೇಕು. ಒಲೆಗುಂಡು ಮೂರೇ ಇರುವುದು ಸುಮ್ಮನೆ ಅಲ್ಲ. ಬೆರಳ ತುದಿಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಭಾರ ಬೆರಳಿನಿಂದ ಇಳಿದುಹೋಗುತ್ತದೆ. ಆಗ ಅವಸರ ಮಾಡಿ ಕೈ ಎಳೆದುಕೊಂಡರೆ ಕೆಟ್ಟಿತು. ಬಿಸಿಲೇರಿದರಂತೂ ಗ್ರಾನೈಟ್ ಮುಟ್ಟಲಾಗದು, ಎಲ್ಲ ಬೆಳಗಿನ ಎಂಟರೊಳಗೆ.

ಗುಳೆಯ ಕಲ್ಲು ಮೂಲೆ ಮೂಲೆಯಾಗಿತ್ತು, ಎಲ್ಲಿಟ್ಟರೂ ಒಲ್ಲೆ ಎನ್ನುತ್ತಿತ್ತು. ಸಿಟ್ಟು ಬಂದು ಬೋರಲು ಹಾಕಿ ಅಡಿಗಿಟ್ಟೆ. ಗಟ್ಟಿಯಾಗಿ ಕೂತುಬಿಟ್ಟಿತು! ಉಳಿದ ಆರೂ ಅದರ ಮೇಲೇ ನಿಂತವು. ನನ್ನ ಕಲ್ಲು ಮದುವೆಯ ಕಲ್ಲಿಗಿಂತ ಕೆಳಗೆ ಬಂತು. ಅವ್ವನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಆ ವರ್ಷ ಅವಳು ಹಾಗೆ ನಕ್ಕಿದ್ದೇ ಇಲ್ಲ.

ಕುರಿ ಹೊಡೆದುಕೊಂಡು ಹೊರಟಿದ್ದ ಯಜ್ಜನೊಬ್ಬ ನಿಂತು ನೋಡಿದ. ನಮ್ಮ ಕಡೆ ಗುಡ್ಡದ ಗುಡಿಗಳಲ್ಲಿ ಸ್ವಂತ ಮನೆಯಾಗಲೆಂದು ಕಲ್ಲು ಪೇರಿಸಿ ಬೇಡಿಕೊಳ್ಳುತ್ತಾರಲ್ಲ.

"ಮನಿ ಆಗ್ಲೆಂತ ಇಟ್ಟಿ ಏನವ್ವಾ?"

"ಹೂನ್ರಿ ಯಜ್ಜಾ."

"ನಿನಗನೊ?"

"ನಮ್ಮಪ್ಪಗ."

ಮತ್ತೇನೂ ಕೇಳಲಿಲ್ಲ. ಬಗ್ಗಿ ಬೆಣಚುಕಲ್ಲಿನ ಚೂರೊಂದು ಹೆಕ್ಕಿ, ತುದಿಯ ಮೇಲಿಟ್ಟು, ಕುರಿಯ ಹಿಂದೆ ಹೋದ.

ಫೋಟೊ ತೆಗೆದ ಮೇಲೆ ಕಲ್ಲು ಇಳಿಸಿಬಿಡುವುದು ನನ್ನ ರೂಢಿ, ಮರಿಗಳ ಮೇಲೆ ಬಿದ್ದೀತು ಅಂತ. ಅವತ್ತು ಎಂಟು ಇಳಿಸಿದೆ.