ಎದೆನೋವಿಗೆ ಒಂದು ಇಸಿಜಿ ಸಾಕಾ? ಪರೀಕ್ಷೆಗಳು ನಡೆಯುವುದು ಹೀಗೆ

ಎದೆ ಬಿಗಿಯುತ್ತಿದೆ, ನೋವು ಕೈಗೋ ದವಡೆಗೋ ಇಳಿಯುತ್ತಿದೆ, ಮೈ ಬೆವರುತ್ತಿದೆ. ಆಗ ಗ್ಯಾಸ್ಟ್ರಿಕ್ ಇರಬೇಕು ಅಂತ ಸುಮ್ನೆ ಕೂರಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಏದುಸಿರು ಬರಬಹುದು. ನೋವು ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳನ್ನು ಅರ್ಥ ಮಾಡಿಕೊಳ್ಳಲು ವೈದ್ಯರಿಗೆ ಅದು ಬೇಕೇ ಬೇಕು.

ಮೊದಲ ಪರೀಕ್ಷೆ 12 ಲೀಡ್‌ನ ಇಸಿಜಿ, ಅಂದರೆ ಮೈಗೆ ತಂತಿಗಳನ್ನು ಅಂಟಿಸಿ ಹೃದಯದ ವಿದ್ಯುತ್ ಚಟುವಟಿಕೆಯನ್ನು 12 ಕೋನಗಳಿಂದ ಗೆರೆಯಾಗಿ ದಾಖಲಿಸುವುದು. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಅದನ್ನು ತೆಗೆದು, ವೈದ್ಯರು ನೋಡಿರಬೇಕು. ಅದರಲ್ಲಿ ಎಸ್‌ಟಿ ಭಾಗ (ಪ್ರತಿ ಮಿಡಿತದ ಗೆರೆಯ ಒಂದು ತುಣುಕು) ಮೇಲೆದ್ದಿದ್ದರೆ ಹೃದಯದ ರಕ್ತನಾಳ ಪೂರ್ತಿ ಮುಚ್ಚಿರುವ ಸಾಧ್ಯತೆ ಜಾಸ್ತಿ. ಆಗ ರಕ್ತದ ವರದಿಗೆ ಕಾಯುವುದಿಲ್ಲ. ನೇರವಾಗಿ ಆಂಜಿಯೋಗ್ರಾಮ್ (ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ) ಮಾಡಿ, ಮುಚ್ಚಿದ ಜಾಗವನ್ನು ಬಲೂನಿನಿಂದ ತೆರೆಯುತ್ತಾರೆ. 120 ನಿಮಿಷದೊಳಗೆ ಅದು ಆಗುವಂತಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ.

ಇಸಿಜಿ ನಾರ್ಮಲ್ ಬಂದರೆ? ಬಹಳ ಜನ ಇಲ್ಲೇ ನಿಟ್ಟುಸಿರು ಬಿಟ್ಟು ಮನೆಗೆ ಹೊರಡುತ್ತಾರೆ. ದಯವಿಟ್ಟು ಹೊರಡಬೇಡಿ. ಇಸಿಜಿ ಹೇಳುವುದು ಆ ಕೆಲವು ಸೆಕೆಂಡುಗಳ ಮಾತನ್ನು ಮಾತ್ರ. ಹಾರ್ಟ್ ಅಟ್ಯಾಕ್ ಆಗುತ್ತಿರುವವರ ಮೊದಲ ಇಸಿಜಿಯೂ ನಾರ್ಮಲ್ ಇರಬಹುದು. ನೋವು ಇನ್ನೂ ಇದ್ದರೆ ಅದನ್ನು ಮತ್ತೆ ಮತ್ತೆ ತೆಗೆಯಬೇಕು. ಹೃದಯದ ಹಿಂಭಾಗದ ತೊಂದರೆ ಕೆಲವೊಮ್ಮೆ ಬೆನ್ನ ಕಡೆ ಲೀಡ್ ಅಂಟಿಸಿದಾಗಷ್ಟೇ ಸಿಗುತ್ತದೆ.

ಜೊತೆಗೇ ಟ್ರೋಪೋನಿನ್ ರಕ್ತಪರೀಕ್ಷೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಈ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಆದರೆ ಅದು ಏರಲು ಹೊತ್ತು ಬೇಕು. ನೋವು ಶುರುವಾಗಿ ಅರ್ಧ ಗಂಟೆಗೇ ರಕ್ತ ಕೊಟ್ಟರೆ ಏನೂ ಕಾಣದಿರಬಹುದು, ಅಲ್ವಾ? ಅದಕ್ಕೇ ಎರಡನೇ ಸಲ ರಕ್ತ ತೆಗೆಯುವುದು. ಹೈ ಸೆನ್ಸಿಟಿವಿಟಿ (ತೀರಾ ಕಡಿಮೆ ಪ್ರಮಾಣವನ್ನೂ ಹಿಡಿಯುವ) ಪರೀಕ್ಷೆಯಾದರೆ 1ರಿಂದ 3 ಗಂಟೆ ಬಿಟ್ಟು, ಹಳೆಯ ವಿಧಾನವಾದರೆ 3ರಿಂದ 6 ಗಂಟೆ ಬಿಟ್ಟು. ಎರಡು ಅಂಕಿಗಳ ನಡುವಿನ ಏರಿಳಿತವೇ ಮುಖ್ಯ. ಕಿಡ್ನಿ ಕಾಯಿಲೆ ಇರುವವರಲ್ಲಿ ಟ್ರೋಪೋನಿನ್ ಯಾವಾಗಲೂ ತುಸು ಹೆಚ್ಚೇ ಇರಬಹುದು, ಒಂದೇ ಅಂಕಿ ನೋಡಿ ಗಾಬರಿಯಾಗಬೇಡಿ.

ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಹೃದಯದ ಯಾವ ಗೋಡೆ ಸರಿಯಾಗಿ ಮಿಡಿಯುತ್ತಿಲ್ಲ ಎಂದು ಗೊತ್ತಾಗುತ್ತದೆ. ಎದೆಯ ಎಕ್ಸ್‌ರೇ ನೋವಿನ ಬೇರೆ ಕಾರಣಗಳನ್ನು ಹುಡುಕಲು. ಟ್ರೋಪೋನಿನ್ ಏರಿದ್ದರೆ ಸಾಮಾನ್ಯವಾಗಿ ಆಂಜಿಯೋಗ್ರಾಮ್ ಮಾಡುತ್ತಾರೆ. ಎಲ್ಲ ನಾರ್ಮಲ್ ಇದ್ದೂ ಅನುಮಾನ ಉಳಿದರೆ ಸಿಟಿ ಆಂಜಿಯೋಗ್ರಾಮ್ ಮಾಡಿ ನೋಡಬಹುದು. ಎದೆನೋವು ಇರುವಾಗ ಮಾತ್ರ ಟಿಎಂಟಿ ಬೇಡವೇ ಬೇಡ. ಆ ಹೊತ್ತಿನಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸುವುದು ಅಪಾಯ.

ಮನೆಗೆ ಹೊರಡುವಾಗ ಇಸಿಜಿಯ ಪ್ರತಿ ಕೇಳಿ ಪಡೆಯಿರಿ, ಫೋನಿನಲ್ಲೂ ಫೋಟೋ ಇಟ್ಟುಕೊಳ್ಳಿ. ಮತ್ತೆ ಎದೆನೋವು ಬಂದರೆ ಹೊಸ ಇಸಿಜಿಯಲ್ಲಿ ಏನು ಬದಲಾಗಿದೆ ಎಂದು ವೈದ್ಯರು ಪಕ್ಕದಲ್ಲಿಟ್ಟು ನೋಡಬಹುದು.