ಬೆಳಗಾವಿಯಿಂದ ಸಿಂಗಪುರಕ್ಕೆ: ಪ್ಯಾಕೇಜಿನ ಹಂಗಿಲ್ಲದೆ ಮನೆಮಂದಿಯ ಪ್ರವಾಸ

ರಜೆ ಹತ್ತಿರ ಬಂದಿತೆಂದರೆ ದಿನಪತ್ರಿಕೆಯ ಮಡಿಕೆಯಿಂದ ಪ್ರವಾಸ ಕಂಪನಿಗಳ ಕರಪತ್ರಗಳು ಉದುರತೊಡಗುತ್ತವೆ. ‘ಸಿಂಗಪುರ, ಎಲ್ಲ ಸೇರಿ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಎಲ್ಲದರಲ್ಲಿ ಬೆಳಗ್ಗೆ ಏಳಕ್ಕೇ ಬಸ್ ಹತ್ತಬೇಕಾದ ಧಾವಂತವೂ ಸೇರಿರುತ್ತದೆ, ಮಾರ್ಗದರ್ಶಿಗೆ ಬೇಕಾದ ಅಂಗಡಿಯಲ್ಲಿ ಕಳೆಯಬೇಕಾದ ಎರಡು ತಾಸೂ ಸೇರಿರುತ್ತವೆ. ಮೊದಲ ಬಾರಿ ವಿದೇಶಕ್ಕೆ ಹೊರಟ ಕುಟುಂಬವು ಪ್ಯಾಕೇಜ್ ಇಲ್ಲದೆ ಧೈರ್ಯವಾಗಿ ಹೋಗಿಬರಬಹುದಾದ ಊರು ಯಾವುದಾದರೂ ಇದ್ದರೆ ಅದು ಸಿಂಗಪುರವೇ ಎಂಬುದು ನನ್ನ ಖಚಿತ ಅಭಿಪ್ರಾಯ. ನಲ್ಲಿಯ ನೀರು ಕುಡಿಯಲು ಯೋಗ್ಯ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ತಮಿಳು ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಅಜ್ಜಿಗೆ ಅನ್ನ-ಸಾರು ಸಿಗುತ್ತದೆ. ಇನ್ನೇನು ಬೇಕು?

ಕಾಗದಪತ್ರ ಬೇಕು. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಹೆಸರು ಸರಿಪಡಿಸಿಕೊಳ್ಳಿ

ಪಾಸ್‌ಪೋರ್ಟ್ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಶುಲ್ಕ ಕಟ್ಟಿ, ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬಹುದು. 36 ಪುಟಗಳ ಪುಸ್ತಕಕ್ಕೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000 ರೂಪಾಯಿ. ತತ್ಕಾಲ್ ಬೇಕೆಂದರೆ ಮೇಲೆ 2,000. ದೊಡ್ಡವರದು ಹತ್ತು ವರ್ಷ ನಡೆಯುತ್ತದೆ, ಮಕ್ಕಳದು ಸಾಮಾನ್ಯವಾಗಿ ಐದು ವರ್ಷ. ಮಕ್ಕಳ ಅರ್ಜಿಗೆ ತಂದೆ-ತಾಯಿ ಇಬ್ಬರ ಒಪ್ಪಿಗೆಯೂ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಆನಂತರ ಹುಟ್ಟಿದ ಮಗುವಾದರೆ ಜನನ ದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ, ಬೇರೆ ಯಾವುದೂ ನಡೆಯುವುದಿಲ್ಲ.

ನಮ್ಮ ಭಾಗದವರು ಎಡವುವುದು ಶುಲ್ಕದಲ್ಲಲ್ಲ, ಅಡ್ಡಹೆಸರಿನಲ್ಲಿ. ಪಾಟೀಲ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆಧಾರ್‌ನವರು ಒಂದು ‘ಐ’ ಹಾಕಿರುತ್ತಾರೆ, ಶಾಲೆಯವರು ಎರಡು ‘ಇ’ ಹಾಕಿರುತ್ತಾರೆ. ಒಂದು ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ತಂದೆಯ ಹೆಸರು ನಡುವೆ ಬಂದು ಕುಳಿತಿರುತ್ತದೆ. ಅರ್ಜಿ ಹಾಕುವ ಮುಂಚೆ ಮನೆಯವರೆಲ್ಲರ ದಾಖಲೆಗಳನ್ನು ಒಂದೇ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ತಾಳೆ ನೋಡಿ. ವಿಮಾನದ ಟಿಕೆಟ್‌ನಲ್ಲಿಯೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ವೀಸಾ ಬೇಕೇ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹೋಗುತ್ತದೆ. ಸರ್ಕಾರದ ಶುಲ್ಕ ತಲೆಗೆ 30 ಸಿಂಗಪುರ ಡಾಲರ್. ಏಜೆಂಟರ ಕೂಲಿ ಬೇರೆ. ಡಾಲರಿಗೆ 70 ರೂಪಾಯಿ ಆಸುಪಾಸು ಎಂದು ಲೆಕ್ಕ ಹಾಕಿಕೊಳ್ಳಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಆಯಸ್ಸು ಉಳಿದಿರಬೇಕು. ಇದಲ್ಲದೆ ಅಲ್ಲಿಗೆ ತಲಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು, ಮಕ್ಕಳದೂ ಸೇರಿ. ಇದು ಪೂರ್ತಿ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿದು ಮುಚ್ಚಿಬಿಡಿ.

ಊರು ಬಿಡುವುದು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಸಿಂಗಪುರಕ್ಕೆ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಇದೆ, ನಾಲ್ಕೂವರೆ ತಾಸಿನ ಹಾರಾಟ. ರಾತ್ರಿಯ ವಿಮಾನ ಹಿಡಿಯುವುದಾದರೆ 2025ರ ಆಗಸ್ಟ್‌ನಲ್ಲಿ ಶುರುವಾದ ವಂದೇ ಭಾರತ್ ಅನುಕೂಲ: ಬೆಳಗಿನ ಜಾವ ಬೆಳಗಾವಿ ಬಿಟ್ಟರೆ ಮಧ್ಯಾಹ್ನ ಬೆಂಗಳೂರು. ವಾರದಲ್ಲೊಂದು ದಿನ ಅದು ಓಡುವುದಿಲ್ಲ, ನೋಡಿಕೊಳ್ಳಿ. ರೈಲು ನಿಲ್ದಾಣದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗಲು ಸಂಜೆಯ ದಟ್ಟಣೆಯಲ್ಲಿ ಎರಡು ತಾಸು ಕೈಯಲ್ಲಿರಲಿ.

ಬುತ್ತಿಯ ವಿಚಾರಕ್ಕೆ ಬರೋಣ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಚೂಡಾ ಒಯ್ಯಲು ಅಡ್ಡಿಯಿಲ್ಲ. ಸಿಹಿತಿಂಡಿ ಅನಾರಸ ಮಾತ್ರ ಮನೆಯಲ್ಲೇ ಇರಲಿ. ಅದರ ಮೇಲೆ ಒತ್ತಿದ ಗಸಗಸೆ ಸಿಂಗಪುರದಲ್ಲಿ ಮಾದಕ ವಸ್ತು ನಿಯಂತ್ರಣ ಇಲಾಖೆಯ ನಿಷೇಧಿತ ವಸ್ತುಗಳ ಸಾಲಿನಲ್ಲಿದೆ. ಗಸಗಸೆ ಬೆರೆಸಿದ ಕರದಂಟು, ಮಸಾಲೆ ಪುಡಿ ಇದ್ದರೂ ಅಷ್ಟೇ. ‘ಹಬ್ಬದ ತಿಂಡಿ, ಸಾಹೇಬರೇ’ ಎಂದು ಅಲ್ಲಿನ ಅಧಿಕಾರಿಗೆ ತಿಳಿಸಿ ಹೇಳುವುದು ಕಷ್ಟ. ಹಾಗೆಯೇ ಚ್ಯೂಯಿಂಗ್ ಗಮ್, ಇ-ಸಿಗರೇಟ್, ಗುಟ್ಕಾ, ಜಗಿಯುವ ತಂಬಾಕು ಯಾವುದೂ ಒಳಗೆ ಹೋಗುವಂತಿಲ್ಲ. ನಿಪ್ಪಾಣಿಯ ತಂಬಾಕಿಗೆ ಒಗ್ಗಿದ ಹಿರಿಯರಿದ್ದರೆ ಈ ಮಾತನ್ನು ಊರಿನಲ್ಲೇ ಇತ್ಯರ್ಥ ಮಾಡಿಕೊಂಡು ಹೊರಡಿ. ಸಿಗರೇಟಿಗೂ ಸುಂಕ ವಿನಾಯಿತಿ ಇಲ್ಲ. ಒಂದು ಪ್ಯಾಕೆಟ್ ಇದ್ದರೂ ಘೋಷಿಸಬೇಕು. ನಿದ್ರೆ ಮಾತ್ರೆ ಅಥವಾ ಕೋಡೀನ್ ಇರುವ ಕೆಮ್ಮಿನ ಔಷಧ ಬೇಕೇ ಬೇಕಾದವರು ವೈದ್ಯರ ಚೀಟಿಯ ಜೊತೆಗೆ ಅಲ್ಲಿನ ಪೂರ್ವಾನುಮತಿಯ ನಿಯಮವನ್ನೂ ಓದಿಕೊಳ್ಳಬೇಕು.

ಎಲ್ಲಿ ಇಳಿದುಕೊಳ್ಳಬೇಕು?

ಲಿಟಲ್ ಇಂಡಿಯಾದಲ್ಲಿ. ವಿದೇಶಕ್ಕೆ ಹೋಗಿ ಮತ್ತೆ ಇಂಡಿಯಾವೇ ಎಂದು ಮಕ್ಕಳು ಮೂಗು ಮುರಿಯಬಹುದು. ಆದರೆ ಭೂಪಟ ನೋಡಿ. ಲಿಟಲ್ ಇಂಡಿಯಾ ಮೆಟ್ರೊ ನಿಲ್ದಾಣದಲ್ಲಿ ಎರಡು ಮಾರ್ಗಗಳು ಕೂಡುತ್ತವೆ. ಡೌನ್‌ಟೌನ್ ಮಾರ್ಗದಲ್ಲಿ ಕುಳಿತರೆ ಮರೀನಾ ಕೊಲ್ಲಿಯ ಬೇಫ್ರಂಟ್‌ಗೂ ಬೊಟಾನಿಕ್ ಗಾರ್ಡನ್ಸ್‌ಗೂ ನೇರ. ನಾರ್ತ್ ಈಸ್ಟ್ ಮಾರ್ಗದಲ್ಲಿ ಚೈನಾಟೌನ್, ಅದೇ ಗಾಡಿಯಲ್ಲಿ ಮುಂದೆ ಹೋದರೆ ಸೆಂಟೋಸಾ ದ್ವೀಪದ ಬಾಗಿಲಾದ ಹಾರ್ಬರ್‌ಫ್ರಂಟ್. ಗಾಡಿ ಬದಲಿಸುವ ಗೋಜಿಲ್ಲ. ಮೊಣಕಾಲು ನೋವಿನವರನ್ನು ಕರೆದೊಯ್ಯುವವರಿಗೆ ಇದು ಕೊಠಡಿಯ ಸೌಕರ್ಯಕ್ಕಿಂತ ದೊಡ್ಡದು. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ.

ಮೆಟ್ರೊ ಗೇಟಿನಲ್ಲಿ ಸಂಪರ್ಕರಹಿತ ಬ್ಯಾಂಕ್ ಕಾರ್ಡ್ ತೋರಿಸಿಯೂ ಹೋಗಬಹುದು. ಆದರೆ ಒಬ್ಬರಿಗೆ ಒಂದು ಕಾರ್ಡ್, ಅಪ್ಪನ ಕಾರ್ಡಿನಲ್ಲಿ ಇಡೀ ಸಂಸಾರ ದಾಟುವಂತಿಲ್ಲ. ಏಳು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣ ಉಚಿತ. ಗಾಡಿಯೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ದಂಡ 500 ಡಾಲರ್‌ವರೆಗೆ ಹೋಗುತ್ತದೆ. ಮಗುವಿನ ಕೈಯಲ್ಲಿರುವ ಬಿಸ್ಕತ್ತೂ ಈ ಲೆಕ್ಕಕ್ಕೇ ಬರುತ್ತದೆ.

ಊಟಕ್ಕೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆದಿರುವ ಕೋಮಲ ವಿಲಾಸ್‌ನಂಥ ಸಸ್ಯಾಹಾರಿ ಹೋಟೆಲ್‌ಗಳಿವೆ. ಹಾಕರ್ ಸೆಂಟರ್ ಎಂಬ ಸಾರ್ವಜನಿಕ ಊಟದ ಕಟ್ಟೆಗಳು ಅಗ್ಗ. ಕೆಲವು ಅಂಗಡಿಗಳು ನಗದನ್ನೇ ಕೇಳುತ್ತವೆ. ಅಲ್ಲಿ ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಕಾಗದದ ಪ್ಯಾಕೆಟ್ ಇದ್ದರೆ ಯಾರೋ ಮರೆತು ಹೋದದ್ದು ಎಂದುಕೊಳ್ಳಬೇಡಿ. ಅದು ಜಾಗ ಹಿಡಿದ ಗುರುತು. ನಮ್ಮ ಬಸ್ಸಿನ ಕಿಟಕಿಯಿಂದ ಎಸೆದ ಟವೆಲ್ ಇದ್ದಂತೆ. ಊಟವಾದ ಮೇಲೆ ತಟ್ಟೆಯನ್ನು ನೀವೇ ಎತ್ತಿ ನಿಗದಿತ ಜಾಗದಲ್ಲಿಡಬೇಕು, ಇಲ್ಲವಾದರೆ ಅದಕ್ಕೂ ದಂಡವಿದೆ. ದೊಡ್ಡ ಹೋಟೆಲ್‌ಗಳ ಬೆಲೆಪಟ್ಟಿಯಲ್ಲಿ ಅಂಕಿಯ ಮುಂದೆ ಎರಡು ಕೂಡಿಸುವ ಚಿಹ್ನೆ ಕಂಡರೆ ಹತ್ತು ಪ್ರತಿಶತ ಸೇವಾಶುಲ್ಕ, ಒಂಬತ್ತು ಪ್ರತಿಶತ ತೆರಿಗೆ ಬೇರೆ ಎಂದು ಅರ್ಥ.

ನೋಡುವುದು

ದಿನಕ್ಕೊಂದು ದೊಡ್ಡ ಜಾಗ ಸಾಕು. ಅಲ್ಲಿನ ಸೆಕೆ ಬೆಳಗಾವಿಯ ಗಾಳಿಗೆ ಒಗ್ಗಿದವರನ್ನು ಮಧ್ಯಾಹ್ನಕ್ಕೇ ಕೆಡವುತ್ತದೆ; ಮಳೆ ಯಾವ ತಿಂಗಳಿನಲ್ಲಾದರೂ ಸುರಿಯುತ್ತದೆ. ಬೆಳಗ್ಗೆ ಹೊರಗೆ, ಮಧ್ಯಾಹ್ನ ಕೊಠಡಿಯಲ್ಲಿ ನಿದ್ದೆ, ಸಂಜೆ ಮತ್ತೆ ಹೊರಗೆ ಎಂಬ ಕ್ರಮ ಇಟ್ಟುಕೊಂಡವರ ಮನೆಯಲ್ಲಿ ಜಗಳ ಕಡಿಮೆ.

ಒಳ್ಳೆಯವೆಲ್ಲ ಪುಕ್ಕಟೆ ಇವೆ. ಗಾರ್ಡನ್ಸ್ ಬೈ ದ ಬೇಯಲ್ಲಿ ಮರದಾಕಾರದ ಉಕ್ಕಿನ ಗೋಪುರಗಳ ಕೆಳಗೆ ಸಂಜೆ 7.45ಕ್ಕೆ ಮತ್ತು 8.45ಕ್ಕೆ ಬೆಳಕು-ಸಂಗೀತದ ಆಟ ನಡೆಯುತ್ತದೆ. ಬೆಂಚು ಹುಡುಕಬೇಡಿ, ಚಾಪೆ ಒಯ್ದು ನೆಲದ ಮೇಲೆ ಅಂಗಾತ ಮಲಗಿ ನೋಡಿ. ಅತಿ ಎತ್ತರದ ಗೋಪುರ 50 ಮೀಟರ್ ಇದೆ, ಕುಳಿತವರ ಕತ್ತು ನೋಯುತ್ತದೆ. 1859ರಲ್ಲಿ ಆರಂಭವಾಗಿ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೊಟಾನಿಕ್ ಗಾರ್ಡನ್ಸ್‌ಗೂ ಟಿಕೆಟ್ ಇಲ್ಲ, ಒಳಗಿನ ಆರ್ಕಿಡ್ ತೋಟಕ್ಕಷ್ಟೇ ಇದೆ. ಚೈನಾಟೌನ್‌ನಲ್ಲಿ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ್ ದೇವಸ್ಥಾನ, ಅದರ ಆಚೆಗೇ ಬುದ್ಧನ ದಂತ ದೇವಾಲಯ. ಟಿಕೆಟ್‌ಗೆ ಹಣ ಸುರಿಯುವುದಾದರೆ ನೈಟ್ ಸಫಾರಿಗೆ ಸುರಿಯಿರಿ. ಸೆಂಟೋಸಾದ ಆಟಗಳಿಗೆ ಮಕ್ಕಳ ಮನಸ್ಸೇ ಬೆಲೆ ಕಟ್ಟಲಿ. ಸಿಂಹದ ತಲೆ, ಮೀನಿನ ಮೈಯ ಮರ್‌ಲಯನ್ ಪ್ರತಿಮೆಯ ಎದುರು ಫೋಟೊ ತೆಗೆಯಲು ಹತ್ತು ನಿಮಿಷ ಸಾಕು.

ಕೊಳ್ಳುವುದು ಕೊನೆಗೆ

ಪೇಟೆಯ ದಿನವನ್ನು ಹೊರಡುವ ಹಿಂದಿನ ದಿನಕ್ಕೆ ಇಡಿ. ಮೊದಲ ದಿನವೇ ಮುಸ್ತಫಾ ಸೆಂಟರ್ ಹೊಕ್ಕವರು ಉಳಿದ ದಿನಗಳಲ್ಲಿ ಚೀಲ ಕಾಯುತ್ತಾರೆ. ಸೈಯದ್ ಆಲ್ವಿ ರಸ್ತೆಯ ಈ ಅಂಗಡಿ ತಡರಾತ್ರಿಯವರೆಗೆ ತೆರೆದಿರುತ್ತದೆ. ಕೈಗಡಿಯಾರ, ಅತ್ತರು, ಚಾಕೊಲೇಟ್, ಪೆಟ್ಟಿಗೆ, ಚಿನ್ನ ಎಲ್ಲ ಒಂದೇ ಸೂರಿನಡಿ. ಬೆಳಗಾವಿ ಪೇಟೆಯ ಗಣಪತ ಗಲ್ಲಿಯ ಚೌಕಾಶಿ ಇಲ್ಲಿ ನಡೆಯದು, ಬೆಲೆ ಚೀಟಿಯಲ್ಲಿದ್ದಷ್ಟೇ. ಬುಗಿಸ್ ಬೀದಿಯ ಸಣ್ಣ ಅಂಗಡಿಗಳಲ್ಲಿ ಮೂರು-ನಾಲ್ಕು ವಸ್ತು ಒಟ್ಟಿಗೆ ಕೊಂಡರೆ ಸ್ವಲ್ಪ ಇಳಿಸುತ್ತಾರೆ. ಮೊಬೈಲ್, ಕ್ಯಾಮೆರಾ ಕೊಳ್ಳುವವರು ಊರಿನ ಬೆಲೆಯನ್ನು ಮೊದಲೇ ಬರೆದುಕೊಂಡು ಹೋಗಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಹಲವು ಸಲ ಉಳಿಯುವುದು ನೂರಾರು ರೂಪಾಯಿ ಮಾತ್ರ.

ತೆರಿಗೆ ವಾಪಸಾತಿಯನ್ನು ಮಾತ್ರ ಬಿಡಬೇಡಿ. ಯೋಜನೆಗೆ ಸೇರಿದ ಅಂಗಡಿಯಲ್ಲಿ 100 ಡಾಲರ್ ಅಥವಾ ಹೆಚ್ಚು ಖರೀದಿಸಿದರೆ ಪಾಸ್‌ಪೋರ್ಟ್ ತೋರಿಸಿ ವಾಪಸಾತಿಗೆ ಹೆಸರು ಬರೆಸಬಹುದು. ಸಂಸ್ಕರಣಾ ಶುಲ್ಕ ಕಳೆಯುವುದರಿಂದ ಒಂಬತ್ತೂ ಪ್ರತಿಶತ ಕೈಗೆ ಬರುವುದಿಲ್ಲ. ಚಾಂಗಿ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ತೆರಿಗೆ ವಾಪಸಾತಿಯ ಯಂತ್ರದ ಬಳಿ ಹೋಗಿ. ಕಸ್ಟಮ್ಸ್‌ನವರು ವಸ್ತು ತೋರಿಸಿ ಎನ್ನಬಹುದು. ಸಮಯ ಉಳಿದರೆ ಪಕ್ಕದ ಜ್ಯೂವೆಲ್ ಕಟ್ಟಡದ ಒಳಗೇ ಧುಮುಕುವ 40 ಮೀಟರ್ ಜಲಪಾತ ನೋಡಿ. ನಮ್ಮ ಗೋಕಾಕದ್ದು 52 ಮೀಟರ್ ಎಂದು ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ.

ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ಎರಡು ವಿಷಯ ನೆನಪಿರಲಿ. ದೊಡ್ಡ ಟಿವಿಗೆ ಸುಂಕ ವಿನಾಯಿತಿ ಇಲ್ಲ. ಆಭರಣಕ್ಕೆಂದೇ ಇರುವ ವಿಶೇಷ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಿಗೆ, ವಾರದ ಪ್ರವಾಸಿಗರಿಗಲ್ಲ. ಊರಿನಿಂದಲೇ ಮೈಮೇಲೆ ಹಾಕಿಕೊಂಡು ಹೋದ ಬೋರಮಾಳ, ಪಾಟ್ಲಿಗಳೂ ಮರಳುವಾಗ ಪ್ರಶ್ನೆಗೆ ಗುರಿಯಾಗಬಹುದು. ಬೆಲೆಬಾಳುವವುಗಳಿಗೆ ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಅದಕ್ಕಿಂತ ಸುಲಭದ ದಾರಿ, ಅವನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಒಂದೆಳೆ ಮಂಗಳಸೂತ್ರದಲ್ಲಿ ಹೊರಡುವುದು.